ಪಲ್ಟಿ ಹೊಡೆಯೋದು ಅಂದ್ರೇನು ಸ್ವಾಮಿ?

ಲಾರಿ ಹಳ್ಳಕ್ಕೆ ಬಿದ್ದರೆ ಪಲ್ಟಿ. ಕೋರ್ಟಿನಲ್ಲಿ ಸಾಕ್ಷಿ ಮಾತು ತಿರುಗಿಸಿದರೆ ಪಲ್ಟಿ. ಶಾಸಕ ಪಕ್ಷ ಬಿಟ್ಟರೆ ಪಲ್ಟಿ. ಹೊಸ ವಿಷಯ ತಿಳಿದು ಒಬ್ಬ ಅಭಿಪ್ರಾಯ ಬದಲಿಸಿದರೆ ಅದೂ ಪಲ್ಟಿಯೇ! ನಾನಿರುವ ಮುಂಬಯಿಯಲ್ಲಿ ಮರಾಠಿಗರು ‘ಪಲ್ಟಿ ಮಾರ್ಲಿ’ ಅಂತಾರೆ, ಊರಿನವರು ‘ಉಲ್ಟಾ ಹೊಡೆದ’ ಅಂತಾರೆ. 2017ರಲ್ಲಿ ಲಾಲೂ ಪ್ರಸಾದರು ನಿತೀಶ್ ಕುಮಾರರನ್ನು ‘ಪಲ್ಟೂ ರಾಮ್’ ಅಂದದ್ದು ದೇಶಕ್ಕೇ ಬಾಯಿಪಾಠವಾಯಿತು.

ನನ್ನ ತಕರಾರು ಇಷ್ಟೇ. ಈ ಪದ ಪ್ರಾಮಾಣಿಕನನ್ನೂ ಪುಢಾರಿಯನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಜೊತೆಗೆ ಅದರಲ್ಲೊಂದು ನಗು ಬೇರೆ ಇದೆ. ಆ ನಗುವಿಗೆ ಪ್ರಾಮಾಣಿಕ ನಾಚುತ್ತಾನೆ. ಪುಢಾರಿ ಮಾತ್ರ ತಾನೂ ನಕ್ಕು ಪಾರಾಗುತ್ತಾನೆ.

1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದೇ ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. ‘ಆಯಾ ರಾಮ್ ಗಯಾ ರಾಮ್’ ಅಂತ ನಗಾಡಿದೆವು. ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದು 1985ರಲ್ಲಿ, ಹದಿನೆಂಟು ವರ್ಷ ನಕ್ಕ ಮೇಲೆ! ಅದಾದರೂ ಏನಾಯಿತು? 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟು ಅನರ್ಹತೆ ಸರಿ ಅಂದಿತು, ಚುನಾವಣೆಗೆ ನಿಲ್ಲಬಹುದು ಅಂತಲೂ ಅಂದಿತು. ಹೊಸ ಪಕ್ಷದಿಂದ ನಿಂತು ಅವರಲ್ಲಿ 11 ಮಂದಿ ಗೆದ್ದರು. 2020ರ ಫೆಬ್ರವರಿಯಲ್ಲಿ 10 ಮಂದಿ ಮಂತ್ರಿಗಳಾದರು. ಕಾನೂನಿನಲ್ಲಿ ಅನರ್ಹ, ಆರು ತಿಂಗಳಲ್ಲಿ ಮಾನ್ಯ ಸಚಿವ! ಇದನ್ನೂ ‘ಪಲ್ಟಿ’ ಅಂದು ಕೈ ತೊಳೆದುಕೊಂಡೆವು.

ಬ್ಯಾಂಕಿನಲ್ಲಿ ನಾವು ಎಂಟ್ರಿ ತಪ್ಪಾದರೆ ಅಳಿಸುವುದಿಲ್ಲ. ರಿವರ್ಸಲ್ ಹಾಕುತ್ತೇವೆ. ಯಾಕೆ ತಿರುಗಿಸಿದೆವು ಅಂತ ನರೇಶನ್ ಬರೆಯಬೇಕು, ಇನ್ನೊಬ್ಬರು ಪಾಸ್ ಮಾಡಬೇಕು. ಹಳೆಯದು, ಹೊಸದು ಎರಡೂ ಲೆಕ್ಕದಲ್ಲಿ ಕಾಣುತ್ತಿರುತ್ತವೆ. ಅದನ್ನು ಯಾವ ಆಡಿಟರೂ ಪಲ್ಟಿ ಅನ್ನುವುದಿಲ್ಲ. ನರೇಶನ್ ಇಲ್ಲದೆ ತಿರುಗಿಸಿದರೆ ಮಾತ್ರ ಕರೆದು ಕೂರಿಸಿ ಕೇಳುತ್ತಾರೆ.

ಮಾತು ಬದಲಿಸಿದವರಿಗೂ ಇದೇ ಲೆಕ್ಕ ಹಾಕಿ ನೋಡಿ. ನಿನ್ನೆ ಆಡಿದ ಮಾತನ್ನು ಒಪ್ಪಿಕೊಂಡು ಇವತ್ತಿನ ಕಾರಣ ಹೇಳಿದರೇ? ಬದಲಾದ್ದರಿಂದ ಸಿಕ್ಕಿದ್ದೇನು, ಕಳೆದುಕೊಂಡದ್ದೇನು? ಕಾರಣ ಹೇಳಿ, ಕೈಯಿಂದಲೇ ಕಳೆದುಕೊಂಡವನು ‘ಮನಸ್ಸು ಬದಲಿಸಿದ’. ಕಾರಣ ಹೇಳದೆ ಕುರ್ಚಿ ಹಿಡಿದವನು ‘ಮತ ಹಾಕಿದವರಿಗೆ ಕೈಕೊಟ್ಟ’. ಎರಡೂ ದಿನಬಳಕೆಯ ಮಾತೇ, ಅರ್ಥವಾಗಲು ನಿಘಂಟು ಬೇಕಿಲ್ಲ.

ಪಲ್ಟಿಯನ್ನು ಲಾರಿಗಳಿಗೇ ಬಿಟ್ಟುಬಿಡೋಣ. ಪಾಪ, ಲಾರಿ ಬೇಕಂತ ಬೀಳುವುದಿಲ್ಲ. ಏನಂತೀರಿ?