ಯಂತ್ರದ ದೂರು, ತಳದ ನೀರು

ಕಾಲಿಗೆ ಹಲಗೆ ಕಟ್ಟಿಕೊಂಡು, ವೇಗವಾಗಿ ಓಡುವ ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವವರನ್ನು ವಾಚಕರು ಚಲನಚಿತ್ರಗಳಲ್ಲಾದರೂ ಕಂಡಿರಬಹುದು. 1922ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯಲ್‌ಸನ್ ಎಂಬ ತರುಣನು ಹೀಗೆ ಜಾರಿದುದರಿಂದ ಈ ಕ್ರೀಡೆ ಮೊದಲಾಯಿತೆಂದು ಹೇಳುತ್ತಾರೆ. ಜಾರುವವನನ್ನು ಎಲ್ಲರೂ ನೋಡುತ್ತಾರೆ. ಎಳೆಯುವ ದೋಣಿಯ ಕಷ್ಟಸುಖವನ್ನು ವಿಚಾರಿಸುವವರು ಕಡಮೆ. ಅದರ ಪರವಾಗಿ ನಾವು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಇಂಥ ದೋಣಿಗಳಲ್ಲಿ ಹಲವಕ್ಕೆ ಯಂತ್ರವು ಹೊರಗೆ ತೂಗಾಡುವುದಿಲ್ಲ; ಒಡಲಿನ ನಡುವೆಯೇ ಕುಳಿತಿರುತ್ತದೆ. ಅದರ ಉಕ್ಕಿನ ದಂಡವು ಓರೆಯಾಗಿ ಇಳಿದು, ತಳವನ್ನು ತೂರಿ, ಹೊರಗಿನ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಯಂತ್ರದ ಕೆಳಗೆ, ನೆಲಹಲಗೆಯ ಮರೆಯಲ್ಲಿ, ದೋಣಿಯ ಅತ್ಯಂತ ತಗ್ಗಾದ ಭಾಗವಿದೆ. ನಾವಿಕರು ಇದನ್ನು ಬಿಲ್ಜ್ ಎನ್ನುತ್ತಾರೆ. ಒಳಗೆ ಸೋರಿದ ನೀರು, ಎಣ್ಣೆ, ಪೆಟ್ರೋಲು ಎಲ್ಲವೂ ಕೊನೆಗೆ ಸೇರುವುದು ಇಲ್ಲಿಯೇ.

ದೋಣಿಯ ಒಡೆಯನು ಸಾಧಾರಣವಾಗಿ ತರುವ ದೂರನ್ನು ಕೇಳಿ: ‘ನಿನ್ನೆ ಚೆನ್ನಾಗಿ ಎಳೆಯುತ್ತಿತ್ತು, ಇಂದು ಮೂತಿ ಮೇಲೆತ್ತಿಕೊಂಡು ಏದುಸಿರು ಬಿಡುತ್ತಿದೆ.’ ಕೂಡಲೇ ಕಾರ್ಬುರೇಟರ್ ಬಿಚ್ಚುತ್ತಾರೆ, ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸುತ್ತಾರೆ. ನೆಲಹಲಗೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅಲ್ಲಿ 200 ಲೀಟರು ನೀರು ನಿಂತಿದ್ದರೆ ಅದರ ತೂಕ 200 ಕಿಲೋಗ್ರಾಂ; ಮೂವರು ಬೆಳೆದ ಗಂಡಸರನ್ನು ಬಚ್ಚಿಟ್ಟುಕೊಂಡಂತೆ! ವೇಗ ಏರಿಸಿದೊಡನೆ ಆ ನೀರೆಲ್ಲ ಹಿಂಬದಿಗೆ ನುಗ್ಗಿ, ದೋಣಿಯು ನೀರಿನ ಮೇಲೇರಿ ಓಡದಂತೆ ಹಿಡಿದೆಳೆಯುತ್ತದೆ. ನೀರು ಇನ್ನೂ ಏರಿದರೆ ತಿರುಗುವ ಫ್ಲೈವೀಲ್ ಅದನ್ನು ಎರಚಿ, ಕಿಡಿ ಒಯ್ಯುವ ತಂತಿಗಳನ್ನು ತೋಯಿಸುತ್ತದೆ, ಯಂತ್ರ ತೊದಲುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತೋರದು.

‘ತಾನೇ ನಡೆಯುವ ಪಂಪು ಇದೆಯಲ್ಲ?’ ಎಂದು ಕೇಳಬಹುದು. ನಮ್ಮ ತಕರಾರು ಇರುವುದು ಅಲ್ಲಿಯೇ. ನೀರೇರಿದಾಗ ತೇಲುಗುಂಡಿಯು ಮೇಲೆದ್ದು ಪಂಪನ್ನು ನಡೆಸುತ್ತದೆ; ನೀರು ಹೊರಹೋಗುತ್ತದೆ; ಸೋರಿಕೆ ಮಾತ್ರ ಹಾಗೆಯೇ ಉಳಿಯುತ್ತದೆ. ಬ್ಯಾಟರಿ ಬರಿದಾದ ದಿನ ದೋಣಿ ಕಟ್ಟಿದಲ್ಲೇ ಮುಳುಗುತ್ತದೆ. ಪಂಪು ಬೇಡವೆಂದು ನಾವು ಹೇಳುತ್ತಿಲ್ಲ. ಅದು ನಡೆದಾಗಲೆಲ್ಲ ಚಾಲಕನ ಕಣ್ಣೆದುರು ಒಂದು ದೀಪ ಹೊತ್ತಿಕೊಳ್ಳಬೇಕು, ಅಷ್ಟೆ.

ನೀರಿನ ಮೂಲವನ್ನು ಹುಡುಕಲು ಬೇಕಾದುದು ಒಂದು ಒಣಬಟ್ಟೆ ಮತ್ತು ತಾಳ್ಮೆ. ಬಿಲ್ಜನ್ನು ಒರಸಿ, ಯಂತ್ರ ನಡೆಸದೆ ಒಂದು ಗಂಟೆ ಕಾಯಬೇಕು. ಆಗಲೇ ನೀರು ಬಂದರೆ ಒಡಲಿನಲ್ಲೋ, ಚುಕ್ಕಾಣಿ ಅಥವಾ ದಂಡ ಹೊರಡುವ ಕಂಡಿಯಲ್ಲೋ ದೋಷವಿದೆ. (ದಡದಲ್ಲಿ ನೀರು ಬಸಿಯಲು ತೆಗೆದ ಬಿರಡೆಯನ್ನು ಹಾಕಲು ಮರೆತವರೂ ಉಂಟು!) ಹಳೆಯ ಬಗೆಯ ಹುರಿ ತುಂಬಿದ ಕಂಡಿಯಾದರೆ, ದಂಡ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕುವುದು ರೋಗವಲ್ಲ, ಹುರಿಯನ್ನು ತಂಪಾಗಿಡುವುದು ಆ ಹನಿಗಳೇ. ಪೂರ್ತಿ ಬಿಗಿದರೆ ದಂಡವೇ ಕಾಯ್ದು ಸವೆಯುತ್ತದೆ.

ಇನ್ನು ಯಂತ್ರ ನಡೆದಾಗ ಮಾತ್ರ ನೀರು ತುಂಬುವುದಾದರೆ ತಂಪುನೀರಿನ ಹಾದಿಯನ್ನು ಶಂಕಿಸಬೇಕು. ಯಂತ್ರವು ಸರೋವರದ ನೀರನ್ನು ಸೆಳೆದುಕೊಂಡು ತಂಪಾಗುತ್ತದೆ; ಆ ಕೊಳವೆ ಬಿರಿದರೆ ಪಂಪು ಸರೋವರವನ್ನೇ ದೋಣಿಯೊಳಕ್ಕೆ ಸುರಿಯುತ್ತದೆ. ಅತ್ತ ಯಂತ್ರ ಕಾಯುತ್ತದೆ, ಇತ್ತ ತಳ ತುಂಬುತ್ತದೆ. ದೂರುಗಳು ಎರಡು, ಕಾರಣ ಒಂದೇ. ತಳ ಒಣಗಿದ್ದೂ ಯಂತ್ರ ಕಾಯ್ದರೆ ಆ ಪಂಪಿನೊಳಗಿನ ರಬ್ಬರ್ ಚಕ್ರವನ್ನು ನೋಡಬೇಕು. ನೀರಿಲ್ಲದೆ ತಿರುಗಿದರೆ ಅದರ ರೆಕ್ಕೆಗಳು ಬಹುಬೇಗ ಮುರಿಯುತ್ತವೆ. ಹೊಸ ಚಕ್ರ ಹಾಕುವಾಗ ಹಳೆಯದರ ತುಂಡುಗಳನ್ನು ಎಣಿಸಿಕೊಳ್ಳಬೇಕು. ಕಾಣೆಯಾದ ತುಂಡು ಮುಂದಿನ ಕೊಳವೆಯಲ್ಲಿ ಅಡಗಿ ಕುಳಿತಿರುತ್ತದೆ.

ಇದುವರೆಗೆ ಹೇಳಿದುದೆಲ್ಲ ಹಣದ ನಷ್ಟದ ಮಾತು. ಬಿಲ್ಜಿನಲ್ಲಿ ಪೆಟ್ರೋಲು ಸೇರಿದಾಗ ಪ್ರಾಣದ ಮಾತಾಗುತ್ತದೆ. ಪೆಟ್ರೋಲಿನ ಆವಿಯು ಗಾಳಿಗಿಂತ ಸುಮಾರು 3ರಿಂದ 4 ಪಟ್ಟು ಭಾರ. ಕಾರಿನ ಅಡಿಯಿಂದ ಅದು ಬಯಲಿಗೆ ಹರಿದು ಹೋಗುತ್ತದೆ. ದೋಣಿಯ ತಳದಿಂದ ಹೋಗಲು ದಾರಿಯೇ ಇಲ್ಲ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಬೆರೆತರೂ ಒಂದು ಕಿಡಿ ಸಾಕು. ಆದುದರಿಂದಲೇ ಅಮೆರಿಕದಲ್ಲಿ, ಯಂತ್ರ ಹೊರಡಿಸುವ ಮೊದಲು ಬೀಸಣಿಗೆಯನ್ನು 4 ನಿಮಿಷ ನಡೆಸಿ, ಬಿಲ್ಜಿನಲ್ಲಿ ಆವಿ ಇದೆಯೇ ಎಂದು ಪರೀಕ್ಷಿಸಬೇಕೆಂಬ ಎಚ್ಚರಿಕೆಯ ಫಲಕವು ಇಂಥ ದೋಣಿಗಳಿಗೆ ಕಡ್ಡಾಯವಾಗಿದೆ.

ಹೀಗಿದ್ದರೂ ಹಣ ಉಳಿಸಲೆಂದು ಕಾರಿನ ಆಲ್ಟರ್ನೇಟರನ್ನೋ ಸ್ಟಾರ್ಟರನ್ನೋ ತಂದು ದೋಣಿಗೆ ಜೋಡಿಸುವವರಿದ್ದಾರೆ. ಆಕಾರ ಒಂದೇ, ತಿರುಪುಗಳೂ ಸರಿಹೊಂದುತ್ತವೆ. ಆದರೆ ದೋಣಿಗೆಂದು ಮಾಡಿದ ಭಾಗದಲ್ಲಿ ಒಳಗಿನ ಕಿಡಿ ಹೊರಗಿನ ಆವಿಗೆ ತಗುಲದಂತೆ ತಡೆ ಇರುತ್ತದೆ, ಕಾರಿನ ಭಾಗದಲ್ಲಿ ಇರುವುದಿಲ್ಲ. ಹಾಗೆ ಜೋಡಿಸಿಕೊಟ್ಟವನನ್ನು ನಾವು ಜಾಣ ಮೆಕ್ಯಾನಿಕನೆಂದು ಕರೆಯಲಾರೆವು.