ಬೆರಳುದ್ದದ ಗೂಡ್ಸ್ ಗಾಡಿ

ರೈಲ್ವೆ ಗೇಟು ಮುಚ್ಚಿದಾಗ ಹೊರಗೆ ಕಾದು ನಿಂತವರಿಗೆ ಪ್ಯಾಸೆಂಜರ್ ಗಾಡಿ ಬಂದರೆ ಸಂತೋಷ, ಗೂಡ್ಸ್ ಗಾಡಿ ಬಂದರೆ ಬೇಸರ. ದೊಡ್ಡವರು ಗಡಿಯಾರ ನೋಡಿಕೊಳ್ಳುತ್ತಾರೆ. ಮಕ್ಕಳು ಮಾತ್ರ ಒಂದು, ಎರಡು, ಮೂರು ಎಂದು ಎಣಿಸತೊಡಗುತ್ತಾರೆ. ನಲವತ್ತೋ ಐವತ್ತೋ ಆದ ಮೇಲೆ ಕೊನೆಯ ಡಬ್ಬಿಯೂ ದಾಟಿಹೋಗುತ್ತದೆ. ಅದರೊಡನೆ ಎಣಿಕೆಯೂ ಮರೆತುಹೋಗುತ್ತದೆ. ಎಂಜಿನ್ನಿಗೆ ಹೆಸರುಂಟು, ಹಾಡುಂಟು, ಗೋಡೆಯ ಮೇಲೆ ತೂಗುಹಾಕುವ ಚಿತ್ರವುಂಟು. ಅದರ ಹಿಂದೆ ಮೂಕವಾಗಿ ಸಾಗುವ ಸಾಮಾನಿನ ಡಬ್ಬಿಗೆ ಇರುವುದು ಒಂದು ಸಂಖ್ಯೆ ಮಾತ್ರ.

ಇಂಥ ಒಂದು ಡಬ್ಬಿಗಾಗಿ ವಾರಗಟ್ಟಲೆ ತಮ್ಮ ಸಂಜೆಗಳನ್ನು ಮುಡಿಪಾಗಿಡುವ ಜನರು ಇಂಗ್ಲೆಂಡಿನಲ್ಲಿದ್ದಾರೆ. ಅವರು ಮಾಡುವುದು ನಿಜವಾದ ಗಾಡಿಯನ್ನಲ್ಲ. ಅಂಗೈಯಲ್ಲಿ ಹಿಡಿಯಬಹುದಾದ, ಬೆರಳುದ್ದದ ಮಾದರಿಯನ್ನು. ಈ ಹವ್ಯಾಸ ಅಲ್ಲಿ ಹೊಸತೇನೂ ಅಲ್ಲ. ಲಂಡನ್ನಿನಲ್ಲಿ 1910ರಷ್ಟು ಹಿಂದೆಯೇ ಮಾದರಿ ರೈಲ್ವೆಯ ಸಂಘವೊಂದು ಸ್ಥಾಪನೆಯಾಯಿತು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯವರು 1920ರಲ್ಲಿ ಕೀಲಿ ಕೊಟ್ಟರೆ ಓಡುವ ತಗಡಿನ ರೈಲುಗಳನ್ನು ಮಾರಾಟಕ್ಕೆ ತಂದು ಮನೆಮನೆಯ ಮಕ್ಕಳಿಗೂ ಅದರ ರುಚಿ ಹತ್ತಿಸಿದರು. ಆದರೆ ಆಟಿಕೆ ಬೇರೆ, ಮಾದರಿ ಬೇರೆ. ಆಟಿಕೆ ರೈಲಿನಂತೆ ಕಂಡರೆ ಸಾಕು. ಮಾದರಿಯಾದರೋ ಇಂಥ ಕಾಲದ, ಇಂಥ ಊರಿನ, ಇಂಥದೇ ಒಂದು ಗಾಡಿಗೆ ಸಾಕ್ಷಿ ನುಡಿಯಬೇಕು. ಸಾಕ್ಷಿಯೆಂದ ಮೇಲೆ ಸುಳ್ಳು ಹೇಳುವಂತಿಲ್ಲ.

ಸತ್ಯದ ಪರೀಕ್ಷೆ ಅಳತೆಯಿಂದಲೇ ಆರಂಭವಾಗುತ್ತದೆ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಅಡಿಗೆ 4 ಮಿಲಿಮೀಟರು. ಎಂದರೆ ನಿಜವಾದುದರ ಎಪ್ಪತ್ತಾರನೆಯ ಒಂದು ಪಾಲು. ಅಲ್ಲಿ 1923ರಲ್ಲಿ ನಿಗದಿಯಾದ ನಮೂನೆಯ ಹನ್ನೆರಡು ಟನ್ನಿನ ಕಲ್ಲಿದ್ದಲು ಗಾಡಿಯನ್ನೇ ತೆಗೆದುಕೊಳ್ಳಬಹುದು. ಅದರ ಮೈಯ ಉದ್ದ 16 ಅಡಿ 6 ಅಂಗುಲ; ಮಾದರಿಯಲ್ಲಿ 66 ಮಿಲಿಮೀಟರು. ಎರಡು ಅಚ್ಚುಗಳ ನಡುವಿನ ಅಂತರ 9 ಅಡಿ. ಮಾದರಿಯಲ್ಲಿ 36 ಮಿಲಿಮೀಟರು. ಪಕ್ಕದ ಹಲಗೆಯೊಂದರ ಅಗಲ ಮಾದರಿಯಲ್ಲಿ ಎರಡೂವರೆ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅದರ ಮೇಲೆ ಕಬ್ಬಿಣದ ಪಟ್ಟಿ, ಪಟ್ಟಿಯ ಮೇಲೆ ಬೋಲ್ಟಿನ ತಲೆಗಳು. ಒಂದೊಂದೂ ಸಾಸಿವೆಗಿಂತ ಸಣ್ಣದು.

ಇಷ್ಟೆಲ್ಲ ಎಚ್ಚರ ವಹಿಸುವವರ ಹಳಿಯಲ್ಲಿಯೇ ಬಹುಕಾಲದಿಂದ ಒಂದು ತಪ್ಪು ಉಳಿದುಕೊಂಡು ಬಂದಿದೆ ಎಂಬುದು ವಿನೋದದ ಸಂಗತಿ. ಬ್ರಿಟನ್ನಿನ ನಿಜವಾದ ಹಳಿಗಳ ನಡುವಿನ ಅಗಲ 4 ಅಡಿ ಎಂಟೂವರೆ ಅಂಗುಲ. ಅಡಿಗೆ 4 ಮಿಲಿಮೀಟರಿನಂತೆ ಲೆಕ್ಕ ಹಾಕಿದರೆ 18.83 ಮಿಲಿಮೀಟರು ಆಗಬೇಕು. ಆದರೆ ಅಂಗಡಿಯಲ್ಲಿ ಸಿಗುವ ಹಳಿಯ ಅಗಲ 16.5 ಮಿಲಿಮೀಟರು ಮಾತ್ರ. ಈ ಹಳಿ ಮೂಲತಃ ಅಡಿಗೆ ಮೂರೂವರೆ ಮಿಲಿಮೀಟರಿನ ಪ್ರಮಾಣಕ್ಕೆ ಸೇರಿದ್ದು. ಬ್ರಿಟಿಷ್ ಎಂಜಿನ್ನುಗಳು ಯೂರೋಪಿನ ಇತರ ದೇಶಗಳ ಎಂಜಿನ್ನುಗಳಿಗಿಂತ ಮೈಕಟ್ಟಿನಲ್ಲಿ ಚಿಕ್ಕವು. ಆ ಪ್ರಮಾಣದಲ್ಲಿ ಮಾಡಿದರೆ ಅಂದಿನ ವಿದ್ಯುತ್ ಮೋಟಾರು ಅವುಗಳ ಒಡಲಿನಲ್ಲಿ ಹಿಡಿಯುತ್ತಿರಲಿಲ್ಲ. ಆದುದರಿಂದ ತಯಾರಕರು ಹಳಿಯನ್ನು ಹಾಗೆಯೇ ಉಳಿಸಿಕೊಂಡು ಗಾಡಿಯ ಮೈಯನ್ನು ಮಾತ್ರ ಹಿಗ್ಗಿಸಿದರು. ಹೆಚ್ಚಿನವರು ಇದನ್ನು ಒಪ್ಪಿಕೊಂಡು ಸುಮ್ಮನಾದರು. ಕೆಲವರಿಗೆ ಮಾತ್ರ ಒಂದು ಎಳ್ಳುಕಾಳಿನಷ್ಟಿರುವ ಆ ಅಂತರ ಕಣ್ಣಿಗೆ ಬಿದ್ದ ಧೂಳಿನಂತೆ ಕಾಡಿತು. 1966ರಲ್ಲಿ ಅಂಥವರ ಗುಂಪೊಂದು 18.83 ಮಿಲಿಮೀಟರಿನ ಹಳಿಗೆ ಬೇಕಾದ ಎಲ್ಲ ಅಳತೆಗಳನ್ನೂ ಗೊತ್ತುಮಾಡಿ ಪ್ರಕಟಿಸಿತು. ಅಂಗಡಿಯ ಹಳಿ, ಅಂಗಡಿಯ ಚಕ್ರ ಎರಡನ್ನೂ ಬಿಟ್ಟು ಎಲ್ಲವನ್ನೂ ಹೊಸದಾಗಿ ಹೊಂದಿಸಿಕೊಳ್ಳುವ ಕಷ್ಟಕ್ಕೆ ಅವರು ಸಿದ್ಧರಾದರು.

ಇನ್ನು ಕಟ್ಟುವ ಕೆಲಸ. ಹಿಂದೆ ಹವ್ಯಾಸಿಗಳು ತೆಳುವಾದ ಮರ, ರಟ್ಟು ಮತ್ತು ತಂತಿಗಳಿಂದಲೇ ಗಾಡಿಯನ್ನು ನಿರ್ಮಿಸುತ್ತಿದ್ದರು. ಬಳಿಕ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಬಿಡಿಭಾಗಗಳ ಪೆಟ್ಟಿಗೆಗಳು ಬಂದವು. ಪಕ್ಕಗಳು ಎರಡು, ತುದಿಗಳು ಎರಡು, ನೆಲ ಒಂದು. ಅಡಿಯಲ್ಲಿ ಚೌಕಟ್ಟು, ಸ್ಪ್ರಿಂಗು, ಚಕ್ರ. ನೋಡಿದರೆ ಅರ್ಧ ಗಂಟೆಯ ಕೆಲಸವೆನಿಸುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸಿದವನ ಗಾಡಿ ಹಳಿಯ ಮೇಲೆ ನಾಲ್ಕು ಮಾರು ಹೋಗಿ ಮಗುಚಿಕೊಳ್ಳುತ್ತದೆ. ಅನುಭವಸ್ಥನು ಮೊದಲು ಪ್ರತಿಯೊಂದು ಭಾಗದ ಅಂಚನ್ನೂ ಸಣ್ಣ ಅರದಿಂದ ಉಜ್ಜಿ, ಎರಕದಲ್ಲಿ ಉಳಿದ ಎಳೆಗಳನ್ನು ತೆಗೆಯುತ್ತಾನೆ. ಒಂದು ಪಕ್ಕವನ್ನೂ ಒಂದು ತುದಿಯನ್ನೂ ಮೂಲೆಮಟ್ಟಕ್ಕೆ ಸರಿಯಾಗಿ ನಿಲ್ಲಿಸಿ, ಕೂಡುವ ಜಾಗಕ್ಕೆ ಕುಂಚದ ತುದಿಯಿಂದ ದ್ರಾವಕ ಮುಟ್ಟಿಸುತ್ತಾನೆ. ದ್ರಾವಕ ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ಅಂಚುಗಳನ್ನೂ ಒಂದಾಗಿ ಬೆಸೆಯುತ್ತದೆ. ಅದರ ಆವಿ ಒಳ್ಳೆಯದಲ್ಲವಾದುದರಿಂದ ಕಿಟಕಿ ತೆರೆದಿರಬೇಕು.

ಮೈ ಒಣಗಿದ ಮೇಲೆ ಅದನ್ನು ಗಾಜಿನ ತುಂಡೊಂದರ ಮೇಲೆ ಇಟ್ಟು ನೋಡಬೇಕು. ಗಾಜು ಮೋಸ ಮಾಡುವುದಿಲ್ಲ. ಒಂದು ಮೂಲೆ ಕೂದಲೆಳೆಯಷ್ಟು ಮೇಲೆದ್ದಿದ್ದರೂ ಬೆರಳು ಮುಟ್ಟಿದೊಡನೆ ಟಕ್ಕೆಂದು ಸದ್ದಾಗುತ್ತದೆ. ಹಾಗಾದರೆ ನಾಲ್ಕು ಚಕ್ರಗಳಲ್ಲಿ ಮೂರು ಹಳಿಯ ಮೇಲೆ, ನಾಲ್ಕನೆಯದು ಗಾಳಿಯಲ್ಲಿ! ಇದಕ್ಕೆ ಜಾಣರು ಕಂಡುಕೊಂಡ ಉಪಾಯ ನಮ್ಮ ಅಡಿಗೆಮನೆಯ ಹೆಂಗಸರಿಗೆ ಎಂದೋ ತಿಳಿದಿದ್ದುದೇ ಆಗಿದೆ. ನೆಲ ಎಷ್ಟೇ ಹಳ್ಳತಿಟ್ಟಾಗಿದ್ದರೂ ಮೂರು ಕಲ್ಲಿನ ಒಲೆಯ ಮೇಲೆ ಮಡಕೆ ಅಲುಗಾಡದೆ ಕುಳಿತುಕೊಳ್ಳುತ್ತದೆ. ಅದೇ ರೀತಿಯಲ್ಲಿ ಒಂದು ಅಚ್ಚನ್ನು ಬಿಗಿಯಾಗಿ ನಿಲ್ಲಿಸಿ, ಇನ್ನೊಂದು ಅಚ್ಚು ನಡುವಿನ ಒಂದೇ ಬಿಂದುವಿನ ಮೇಲೆ ತೊನೆಯುವಂತೆ ಮಾಡಿದರೆ ಗಾಡಿ ಮೂರು ಆಧಾರಗಳ ಮೇಲೆ ನಿಂತಂತಾಗುತ್ತದೆ. ನಾಲ್ಕು ಚಕ್ರಗಳೂ ಸದಾ ಹಳಿಯನ್ನು ಹಿಡಿದಿರುತ್ತವೆ. ತೂಕ ಸಾಲದಿದ್ದರೆ ನೆಲದ ಅಡಿಯಲ್ಲಿ ಕಣ್ಣಿಗೆ ಬೀಳದಂತೆ ಸೀಸದ ತುಂಡೊಂದನ್ನು ಅಂಟಿಸುವುದುಂಟು.

ನಿಜವಾದ ತಾಳ್ಮೆಯ ಕೆಲಸ ಇನ್ನು ಮುಂದೆ, ಗಾಡಿಯ ಹೊಟ್ಟೆಯ ಕೆಳಗೆ. ಅಲ್ಲಿ ಬ್ರೇಕಿನ ಕಟ್ಟೆಗಳು, ಅವುಗಳನ್ನು ಚಕ್ರಕ್ಕೆ ಒತ್ತುವ ಸರಳುಗಳು, ಪಕ್ಕದಲ್ಲಿ ಉದ್ದಕ್ಕೆ ಚಾಚಿರುವ ಒಂದು ಸನ್ನೆಗೋಲು. ಮಾದರಿಯಲ್ಲಿ ಈ ಸನ್ನೆಗೋಲು ಒಂದು ದಪ್ಪ ದಾರದಷ್ಟಿರುತ್ತದೆ. ಮೇಜಿನ ಮೇಲೆ ಓಡುವ ಗಾಡಿಯಲ್ಲಿ ಅದನ್ನು ಗಮನಿಸುವವರು ನೂರಕ್ಕೆ ಒಬ್ಬರಿದ್ದಾರೋ ಇಲ್ಲವೋ. ಇಷ್ಟಕ್ಕೆ ಏಕೆ ಇಷ್ಟು ಶ್ರಮ ಎಂದು ಯಾರಾದರೂ ಕೇಳಬಹುದು. ಉತ್ತರ ಬೇಕಾದರೆ ಹಳೆಯ ಗೂಡ್ಸ್ ಯಾರ್ಡಿನೊಳಗೆ ಒಮ್ಮೆ ಇಣಿಕಿ ನೋಡಬೇಕು.

ಬ್ರಿಟನ್ನಿನ ಹಳೆಯ ಗೂಡ್ಸ್ ಗಾಡಿಗಳಲ್ಲಿ ಬಹುಪಾಲಿಗೆ ಎಂಜಿನ್ನಿನಿಂದ ಹಾಕಬಹುದಾದ ಬ್ರೇಕು ಇರಲಿಲ್ಲ. ಎಂಜಿನ್ನಿನ ಬ್ರೇಕು, ಕೊನೆಯ ಡಬ್ಬಿಯಲ್ಲಿ ಗಾರ್ಡಿನ ಕೈಬ್ರೇಕು, ಇವೆರಡೇ ಇಡೀ ಗಾಡಿಗೆ ಆಧಾರ. ಕಡಿದಾದ ಇಳಿಜಾರು ಬಂದರೆ ಅದರ ನೆತ್ತಿಯಲ್ಲಿ ಗಾಡಿಯನ್ನು ನಿಲ್ಲಿಸಿ, ಆಳುಗಳು ಪಕ್ಕದಲ್ಲಿ ನಡೆಯುತ್ತ ಒಂದೊಂದು ಡಬ್ಬಿಯ ಸನ್ನೆಗೋಲನ್ನೂ ಕೆಳಗೆ ಒತ್ತಿ ಗೂಟ ಸಿಕ್ಕಿಸಬೇಕಾಗಿತ್ತು. ಯಾರ್ಡಿನಲ್ಲಿ ತಾನಾಗಿ ಉರುಳಿಬರುವ ಡಬ್ಬಿಯ ಜೊತೆಯಲ್ಲಿಯೇ ಓಡುತ್ತ, ಕೋಲಿನಿಂದ ಮೀಟಿ ಅದನ್ನು ನಿಲ್ಲಿಸಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಗಾಡಿಗಳಲ್ಲಿ ಈ ಸನ್ನೆಗೋಲು ಒಂದೇ ಪಕ್ಕದಲ್ಲಿರುತ್ತಿತ್ತು. ಆಳು ಇರುವುದು ಈ ಪಕ್ಕ, ಬ್ರೇಕು ಇರುವುದು ಆ ಪಕ್ಕ. ಆಗ ಅವನು ಚಲಿಸುವ ಗಾಡಿಗಳ ನಡುವೆಯೇ ನುಸುಳಿ ದಾಟಬೇಕು. ಹೀಗೆ ದಾಟುವಾಗ ಕೈಕಾಲು ಕಳೆದುಕೊಂಡವರೂ ಪ್ರಾಣವನ್ನೇ ಕಳೆದುಕೊಂಡವರೂ ಉಂಟು.

ರೈಲ್ವೆ ನೌಕರರನ್ನು ಇಂಥ ಅಪಘಾತಗಳಿಂದ ಕಾಪಾಡುವುದಕ್ಕಾಗಿ 1900ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನೊಂದನ್ನು ಮಾಡಿತು. ಅದರ ಆಧಾರದ ಮೇಲೆ 1911ರಲ್ಲಿ ನಿಯಮಗಳು ಬಂದವು. ಗೂಡ್ಸ್ ಗಾಡಿಯ ಎರಡು ಪಕ್ಕಗಳಿಂದಲೂ ಬ್ರೇಕು ಹಾಕುವಂತಿರಬೇಕು. ಯಾವ ಪಕ್ಕದಲ್ಲಿ ನಿಂತವನಿಗೂ ಹಿಡಿ ಅವನ ಬಲಗೈಯ ತುದಿಗೇ ಸಿಗಬೇಕು. ಕತ್ತಲೆಯಲ್ಲಿ, ಮಂಜಿನಲ್ಲಿ ತಡಕಾಡದಂತೆ ಎಲ್ಲ ಗಾಡಿಗಳಿಗೂ ಒಂದೇ ಕ್ರಮ. ಆದುದರಿಂದ 1905ರ ಗಾಡಿಯನ್ನು ಮಾಡುವವನು ಒಂದು ಪಕ್ಕಕ್ಕೆ ಮಾತ್ರ ಸನ್ನೆಗೋಲು ಇಟ್ಟರೂ ಅದು ಸರಿಯೇ ಇರಬಹುದು. 1925ರ ಹೊಸ ಗಾಡಿಗೆ ಹಾಗೆ ಮಾಡಿದರೆ ಸುಳ್ಳಾಗುತ್ತದೆ. ದಾರದಂಥ ಆ ಒಂದು ತುಣುಕಿನಲ್ಲಿ ಎಷ್ಟು ಜನರ ಬಾಳು ಅಡಗಿದೆ ಎಂಬುದು ತಿಳಿದವನ ಕೈ ಅದನ್ನು ಅಂಟಿಸುವಾಗ ಅವಸರ ಮಾಡುವುದಿಲ್ಲ. ಗಾಡಿಗಳನ್ನು ಜೋಡಿಸುವ ಮೂರು ಕೊಂಡಿಗಳ ಸರಪಳಿಯೂ ಇಂಥದೇ. ನಿಜವಾದ ಯಾರ್ಡಿನಲ್ಲಿ ಆಳು ಕೊಕ್ಕೆ ಕೋಲಿನಿಂದ ಅದನ್ನು ಎತ್ತಿ ಸಿಕ್ಕಿಸುತ್ತಿದ್ದನು. ಮಾದರಿಯವನು ತಂತಿಯಿಂದ ಆ ಕೊಂಡಿಗಳನ್ನು ಬಾಗಿಸಿ, ತಂತಿಯದೇ ಒಂದು ಕೊಕ್ಕೆಯಿಂದ, ಉಸಿರು ಬಿಗಿಹಿಡಿದು, ಅದೇ ಕೆಲಸವನ್ನು ಮಾಡುತ್ತಾನೆ.

ಇನ್ನು ಬಣ್ಣ. ಎರಡನೆಯ ಮಹಾಯುದ್ಧಕ್ಕೆ ಮೊದಲು ಬ್ರಿಟನ್ನಿನ ಕಲ್ಲಿದ್ದಲು ಗಾಡಿಗಳಲ್ಲಿ ಹೆಚ್ಚಿನವು ರೈಲ್ವೆ ಕಂಪೆನಿಗಳ ಸೊತ್ತಾಗಿರಲಿಲ್ಲ. ಅವು ಗಣಿಗಳ ಮತ್ತು ವ್ಯಾಪಾರಿಗಳ ಸ್ವಂತ ಗಾಡಿಗಳು. ಸಾವಿರಗಟ್ಟಲೆ ಗಾಡಿಗಳಿದ್ದ ದೊಡ್ಡ ಸಂಸ್ಥೆಗಳೂ ಇದ್ದವು. ಎರಡೋ ಮೂರೋ ಗಾಡಿಗಳಿದ್ದ ಸಣ್ಣ ಊರಿನ ಇದ್ದಲಂಗಡಿಯವರೂ ಇದ್ದರು. ಎಲ್ಲರೂ ತಮ್ಮ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ, ಕೆಂಪು, ಕಪ್ಪು, ಹಸಿರು ಬಣ್ಣಗಳ ಮೇಲೆ ಬರೆಸಿಕೊಳ್ಳುತ್ತಿದ್ದರು. ದಕ್ಷಿಣ ವೇಲ್ಸಿನ ‘ಓಷನ್’ ಕಂಪೆನಿಯ ಕಪ್ಪು ಗಾಡಿಗಳ ಮೇಲಿನ ಬಿಳಿಯ ಅಕ್ಷರಗಳು ದೂರದಿಂದಲೇ ಕಾಣುತ್ತಿದ್ದವು. ಖಾಲಿಯಾದ ಮೇಲೆ ಯಾವ ಗಣಿಗೆ ಹಿಂದಿರುಗಬೇಕೆಂಬ ಸೂಚನೆ ಮೂಲೆಯಲ್ಲಿ ಸಣ್ಣದಾಗಿರುತ್ತಿತ್ತು. ಪಕ್ಕದಲ್ಲಿ ಓರೆಯಾಗಿ ಎಳೆದ ಒಂದು ಬಿಳಿಯ ಗೆರೆ ಅಲಂಕಾರವಲ್ಲ. ಅದು ಮೇಲೇರುವ ಕಡೆಯ ತುದಿಯಲ್ಲಿ ಕಲ್ಲಿದ್ದಲು ಸುರಿಯುವ ಬಾಗಿಲು ಇದೆ ಎಂಬ ಗುರುತು. ಗೆರೆಯನ್ನು ತಿರುಗಾಮುರುಗಾ ಬರೆದ ಮಾದರಿ ಎಷ್ಟು ಅಂದವಾಗಿದ್ದರೇನು, ಬಾಗಿಲಿಲ್ಲದ ಕಡೆಯಲ್ಲಿ ಬಾಗಿಲಿದೆಯೆಂದು ಹೇಳಿದಂತಾಯಿತು.

1939ರಲ್ಲಿ ಯುದ್ಧ ಆರಂಭವಾದಾಗ ಸರ್ಕಾರ ಈ ಗಾಡಿಗಳನ್ನೆಲ್ಲ ಒಟ್ಟು ಮಾಡಿ ಬಳಸತೊಡಗಿತು. ಹೆಸರುಗಳು ಮಾಸಿದವು, ಮತ್ತೆ ಬರೆಸುವವರಿರಲಿಲ್ಲ. 1948ರ ಜನವರಿ 1ರಂದು ರೈಲ್ವೆಗಳು ರಾಷ್ಟ್ರೀಕರಣವಾದಾಗ ಐದು ಲಕ್ಷಕ್ಕೂ ಮೀರಿದ ಈ ಸ್ವಂತ ಗಾಡಿಗಳೂ ಸರ್ಕಾರದ ಪಾಲಾದವು. ಮುಂದೆ ಬಂದದ್ದು ಎರಡೇ ಬಣ್ಣ: ಎಂಜಿನ್ನಿನಿಂದ ಬ್ರೇಕು ಹಾಕಲಾಗದ ಗಾಡಿಗೆ ಬೂದು, ಹಾಕಬಹುದಾದುದಕ್ಕೆ ಕೆಂಗಂದು. ಹಳೆಯ ಬಣ್ಣ, ಹಳೆಯ ಹೆಸರು ಬೇಕೆಂದವರು ಹಳೆಯ ಛಾಯಾಚಿತ್ರಗಳನ್ನು ಹುಡುಕಬೇಕಾಯಿತು. ಇಂಥ ವಿವರಗಳನ್ನು ಸಂಗ್ರಹಿಸಿ ಕಾಪಾಡುವುದಕ್ಕಾಗಿಯೇ ಅಲ್ಲಿನ ಹವ್ಯಾಸಿಗಳು 1950ರಲ್ಲಿ ಒಂದು ಐತಿಹಾಸಿಕ ಸಂಘವನ್ನು ಕಟ್ಟಿಕೊಂಡರು.

ಚಿತ್ರ ದೊರೆತು, ಗಾಡಿಯನ್ನು ಸೋಪಿನ ನೀರಿನಲ್ಲಿ ತೊಳೆದು, ಅಡಿಬಣ್ಣ ಕೊಟ್ಟು, ಮೇಲ್ಬಣ್ಣ ಹಚ್ಚಿ, ಮೂರು ಕೂದಲಿನ ಕುಂಚದಿಂದ ಹೆಸರನ್ನು ಬರೆದಾಯಿತು ಎನ್ನೋಣ. ಗಾಡಿ ಹೊಸ ಮದುವಣಿಗನಂತೆ ಹೊಳೆಯುತ್ತಿದೆ. ಇಲ್ಲಿಯೇ ನಿಜವಾದ ಇಕ್ಕಟ್ಟು. ನಿಜವಾದ ಕಲ್ಲಿದ್ದಲು ಗಾಡಿ ಹೀಗೆ ಹೊಳೆದದ್ದು ಕಾರ್ಖಾನೆಯಿಂದ ಹೊರಬಂದ ಕೆಲವು ದಿನ ಮಾತ್ರ. ಆಮೇಲೆ ಅದಕ್ಕೆ ಮಳೆ, ಹೊಗೆ, ಮಸಿ, ತುಕ್ಕು. ಆದುದರಿಂದ ವಾರಗಟ್ಟಲೆ ದುಡಿದು ಮಾಡಿದ ಅಂದವನ್ನು ಮಾಡಿದವನೇ ತನ್ನ ಕೈಯಾರೆ ಕೆಡಿಸಬೇಕು! ಹೊಸಬರು ಇಲ್ಲಿ ಹಿಂಜರಿಯುತ್ತಾರೆ. ಕುಂಚವನ್ನು ಅದ್ದಿ, ಮತ್ತೆ ಒರೆಸಿಟ್ಟುಬಿಡುತ್ತಾರೆ. ಮನಸ್ಸು ಗಟ್ಟಿಮಾಡಿಕೊಂಡವನು ಕಪ್ಪುಗಂದು ಬಣ್ಣವನ್ನು ನೀರಿನಷ್ಟು ತೆಳುಮಾಡಿ ಮೈಮೇಲೆ ಹರಿಸುತ್ತಾನೆ. ಹಲಗೆಗಳ ಸಂದುಗಳಲ್ಲಿ ಅದು ನಿಂತ ಮೇಲೆ ಉಳಿದುದನ್ನು ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ, ಮಳೆ ಇಳಿಯುವ ದಿಕ್ಕಿನಲ್ಲಿಯೇ, ಒರೆಸುತ್ತಾನೆ. ಕಬ್ಬಿಣದ ಪಟ್ಟಿಗಳಿಗೆ ತುಕ್ಕಿನ ಬಣ್ಣ. ಒಂದು ಹಲಗೆ ಮಾತ್ರ ಬೇರೆ ಬಣ್ಣ. ಅದು ಎಂದೋ ರಿಪೇರಿಯಲ್ಲಿ ಹೊಸದಾಗಿ ಹಾಕಿದ್ದು. ಒಳಗೆ ಬಣ್ಣವೇ ಇಲ್ಲ, ಸವೆದ ಬರಿಯ ಮರ. ಪಕ್ಕದಲ್ಲಿ ಯಾರ್ಡಿನ ಆಳು ಸೀಮೆಸುಣ್ಣದಿಂದ ಗೀಚಿದ ಒಂದು ಗುರುತು. ಕೊನೆಗೆ ಹೊರೆ: ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ, ಜರಡಿ ಹಿಡಿದು, ತುಂಬುವುದು.

ಆಸ್ಟ್ರೇಲಿಯದಲ್ಲಿ ಹುಟ್ಟಿ 1925ರಲ್ಲಿ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಎಂಬವರು ಅಲ್ಲಿನ ಹಳ್ಳಿಗಳ ಹುಲ್ಲುಮಾಡಿನ ಮನೆಗಳು ಕಣ್ಣೆದುರಿಗೇ ಮಾಯವಾಗುತ್ತಿರುವುದನ್ನು ಕಂಡು, ಅವುಗಳನ್ನು ಮಾದರಿಗಳಲ್ಲಾದರೂ ಉಳಿಸಬೇಕೆಂದು ಹೊರಟರು. 1954ರಲ್ಲಿ ಲಾಂಗ್ ವಿಟ್ಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಅವರು ಆರಂಭಿಸಿದ ಪೆಂಡನ್ ವಸ್ತುಸಂಗ್ರಹಾಲಯದಲ್ಲಿ ಅಡಿಗೆ 4 ಮಿಲಿಮೀಟರಿನ ಅದೇ ಪ್ರಮಾಣದಲ್ಲಿ ಮನೆ, ಹೊಲ, ತೋಟಗಳೂ ಅವುಗಳ ನಡುವೆ ಓಡುವ ರೈಲುಗಳೂ ಇವೆ. ಅಲ್ಲಿಗೆ ಬಂದವರಲ್ಲಿಯೂ ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತು ಡಬ್ಬಿಗಳನ್ನು ಎಣಿಸುವುದು ಸಹಜವೇ.

ಬ್ರಿಟಿಷ್ ರೈಲ್ವೆಯ ದೊಡ್ಡ ಹಳಿಗಳಲ್ಲಿ ಉಗಿ ಎಂಜಿನ್ನಿನ ಕೊನೆಯ ದಿನಚರಿಯ ಓಟ 1968ರಲ್ಲಿ ಮುಗಿಯಿತು. ಹಳೆಯ ಕಲ್ಲಿದ್ದಲು ಗಾಡಿಗಳೂ ಗುಜರಿ ಸೇರಿದವು. ಎಂಜಿನ್ನುಗಳನ್ನು ಉಳಿಸಿಕೊಳ್ಳಲು ಜನ ಹಣ ಕೂಡಿಸಿದರು. ಡಬ್ಬಿಗಳಲ್ಲಿ ಉಳಿದವು ಕೆಲವೇ. ಯಾರ್ಡಿನಲ್ಲಿ ಮಂಜಿನ ರಾತ್ರಿ ಕೋಲು ಹಿಡಿದು ಓಡಿದವನ ಹೆಸರನ್ನಂತೂ ಯಾರೂ ಬರೆದಿಡಲಿಲ್ಲ. ಅವನು ಹಿಡಿದ ಸನ್ನೆಗೋಲು ಮಾತ್ರ, ಯಾವುದೋ ಮನೆಯ ಮೇಜಿನ ಮೇಲೆ, ದೀಪದ ಬೆಳಕಿನಲ್ಲಿ, ಚಿಮುಟದ ತುದಿಯಲ್ಲಿ, ಬಲಗೈಯ ಕಡೆಗೇ ಸರಿಯಾಗಿ ಕೂರುತ್ತಿದೆ.