ಆಟಿಸಂ ಮತ್ತು ಧ್ವನಿ ಕಂಪನ: ಮುಂಬಯಿಯ ಪೋಷಕರು ಹಣ ಕಟ್ಟುವ ಮೊದಲು ತಿಳಿಯಬೇಕಾದದ್ದು

ಮುಂಬಯಿ ಮತ್ತು ಉಪನಗರಗಳಲ್ಲಿ ‘ಸೌಂಡ್ ಹೀಲಿಂಗ್’, ‘ವೈಬ್ರೇಷನ್ ಥೆರಪಿ’ ಎಂಬ ಹೆಸರಿನ ಸೆಷನ್‌ಗಳು ಈಗ ಸುಲಭವಾಗಿ ಸಿಗುತ್ತಿವೆ. ಆಟಿಸಂ ಅಥವಾ ಎಡಿಎಚ್‌ಡಿ ಇರುವ ಮಗುವಿಗೆ ಇದರಿಂದ ಮಾತು ಬರುತ್ತದೆ, ಹಟ ಕಡಿಮೆಯಾಗುತ್ತದೆ ಎಂಬ ಭರವಸೆಯೂ ಕೇಳಿಬರುತ್ತದೆ. ಈ ಭರವಸೆಗೆ ಆಧಾರ ಎಷ್ಟಿದೆ?

ಕಂಪನ ಚಿಕಿತ್ಸೆ ಎಂದರೇನು?

ತಬಲಾದ ಡಗ್ಗಾ ನುಡಿಸುವಾಗ ಅದರ ಮೇಲೆ ಕೈ ಇಟ್ಟರೆ ಧ್ವನಿ ಕಿವಿಗಷ್ಟೇ ಅಲ್ಲ, ಅಂಗೈಗೂ ತಲುಪುತ್ತದೆ. ಚರ್ಮದ ಆಳದಲ್ಲಿ ಕಂಪನವನ್ನು ಗುರುತಿಸುವ ನರತುದಿಗಳಿವೆ. ಇದೇ ತತ್ವದ ಮೇಲೆ ನಾರ್ವೆಯ ಓಲಾವ್ ಸ್ಕಿಲ್ಲೆ ಅವರು 1980ರ ದಶಕದಲ್ಲಿ ‘ವೈಬ್ರೋಅಕೌಸ್ಟಿಕ್ ಥೆರಪಿ’ ರೂಪಿಸಿದರು. ಹಾಸಿಗೆ ಅಥವಾ ಕುರ್ಚಿಯೊಳಗೆ ಸ್ಪೀಕರ್ ಅಳವಡಿಸಿ, ಸುಮಾರು 30ರಿಂದ 120 ಹರ್ಟ್ಜ್‌ನ ತಗ್ಗಿನ ಧ್ವನಿಯನ್ನು ಸಂಗೀತದ ಜೊತೆ ಮೈಗೆ ತಲುಪಿಸುವುದು ಇದರ ವಿಧಾನ.

ಸಂಗೀತ ಚಿಕಿತ್ಸೆ ಬೇರೆ. ಅಲ್ಲಿ ತರಬೇತಿ ಪಡೆದ ಥೆರಪಿಸ್ಟ್ ಮಗುವಿನ ಜೊತೆ ಕೂತು, ಅದು ಮಾಡುವ ಸದ್ದಿಗೆ ತಾನೂ ಸದ್ದಿನಿಂದ ಉತ್ತರಿಸುತ್ತಾ ಒಡನಾಟ ಬೆಳೆಸುತ್ತಾರೆ. ಯಂತ್ರದ ಮೇಲೆ ಮಗುವನ್ನು ಮಲಗಿಸಿ ಹೊರಗೆ ಹೋದರೆ ಅದು ಸಂಗೀತ ಚಿಕಿತ್ಸೆಯಲ್ಲ.

ಸಂಶೋಧನೆ ಏನು ಹೇಳುತ್ತದೆ?

ಸಂಗೀತ ಚಿಕಿತ್ಸೆಯ ಬಗ್ಗೆ ಉತ್ತರ ಮಿಶ್ರವಾಗಿದೆ. 9 ದೇಶಗಳ 364 ಮಕ್ಕಳನ್ನು ಒಳಗೊಂಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 5 ತಿಂಗಳ ನಂತರವೂ ಸಾಮಾಜಿಕ ಲಕ್ಷಣಗಳ ತೀವ್ರತೆಯಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2022ರ ಕಾಕ್ರೇನ್ ಪರಾಮರ್ಶೆ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಒಟ್ಟಾರೆ ಸುಧಾರಣೆ ಮತ್ತು ಜೀವನದ ಗುಣಮಟ್ಟಕ್ಕೆ ಬಹುಶಃ ನೆರವಾಗುತ್ತದೆ ಎಂದಿತು. ಮಾತು ಮತ್ತು ಸಾಮಾಜಿಕ ಒಡನಾಟದ ವಿಷಯದಲ್ಲಿ ಸ್ಪಷ್ಟ ಆಧಾರ ಅದಕ್ಕೆ ಸಿಗಲಿಲ್ಲ.

ಕಂಪನ ಚಿಕಿತ್ಸೆಗೆ ಆಧಾರ ಇನ್ನೂ ತೆಳು. ಸ್ವೀಡನ್‌ನಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತನ್ನನ್ನೇ ಹೊಡೆದುಕೊಳ್ಳುವಂಥ ವರ್ತನೆ ಕಡಿಮೆಯಾದದ್ದು ಕಂಡಿತು. ಆದರೆ ಅದರಲ್ಲಿ ಇದ್ದವರು 20 ಜನ ಮಾತ್ರ, ಅವರು ವಯಸ್ಕರು. ಮೈಮನಸ್ಸು ಸಡಿಲಗೊಳಿಸಲು ಇದು ಕೆಲವರಿಗೆ ನೆರವಾಗಬಹುದು. ಆಟಿಸಂ ‘ಗುಣಪಡಿಸುತ್ತದೆ’ ಎಂಬುದಕ್ಕೆ ಆಧಾರವಿಲ್ಲ.

ಯಾರು ಎಚ್ಚರ ವಹಿಸಬೇಕು?

ಆಟಿಸಂ ಇರುವವರಲ್ಲಿ ಮೂರ್ಛೆರೋಗ ಇತರರಿಗಿಂತ ಹೆಚ್ಚು. ಫಿಟ್ಸ್ ಬಂದಿದ್ದರೆ, ಪೇಸ್‌ಮೇಕರ್ ಇದ್ದರೆ ಅಥವಾ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಡಾಕ್ಟರನ್ನು ಕೇಳದೆ ಕಂಪನ ಹಾಸಿಗೆ ಬೇಡ.

ಲೋಕಲ್ ಟ್ರೇನಿನ ಹಾರ್ನ್‌ಗೆ, ಗಣೇಶೋತ್ಸವದ ಢೋಲ್-ತಾಶಾಕ್ಕೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಇನ್ನೊಂದು ಸದ್ದು ಹಿಂಸೆಯೂ ಆಗಬಹುದು. ಮಗು ಕಿವಿ ಮುಚ್ಚಿಕೊಂಡರೆ, ಮೈ ಬಿಗಿ ಹಿಡಿದರೆ, ಎದ್ದು ಹೋಗಲು ನೋಡಿದರೆ ಸೆಷನ್ ನಿಲ್ಲಿಸಬೇಕು. ‘ಅಭ್ಯಾಸವಾಗುತ್ತದೆ’ ಎಂದು ಹಿಡಿದು ಕೂರಿಸುವ ಜಾಗಕ್ಕೆ ಮತ್ತೆ ಹೋಗಬೇಡಿ.

ಹಣ ಕಟ್ಟುವ ಮೊದಲು ಏನು ಕೇಳಬೇಕು?

• ಥೆರಪಿಸ್ಟ್ ಎಲ್ಲಿ, ಎಷ್ಟು ಕಾಲ ತರಬೇತಿ ಪಡೆದಿದ್ದಾರೆ? ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆ ಹೆಸರಿಸುವ ವೃತ್ತಿಗಳಲ್ಲಿ ಸ್ಪೀಚ್ ಥೆರಪಿಸ್ಟ್ ಇದ್ದಾರೆ, ಸಂಗೀತ ಚಿಕಿತ್ಸಕರು ಇಲ್ಲ. ಹಾಗಾಗಿ ವಿಚಾರಿಸುವ ಹೊಣೆ ನಿಮ್ಮದೇ.
• ಮಗುವಿಗೆ ಇಟ್ಟ ಗುರಿ ಏನು? ‘ಶಾಂತವಾಗುತ್ತಾನೆ’ ಎಂದರೆ ಸಾಲದು. ‘ರಾತ್ರಿ ಮಲಗಲು ಹಿಡಿಯುವ ಸಮಯ’ದಂತೆ ಅಳೆಯಬಹುದಾದದ್ದು ಇರಲಿ.
• ಸೆಷನ್ ನಡೆಯುವಾಗ ಪೋಷಕರು ಒಳಗೆ ಇರಬಹುದೇ?
• ಪೂರ್ತಿ ಪ್ಯಾಕೇಜ್ ಬದಲು ನಾಲ್ಕೈದು ಸೆಷನ್‌ಗೆ ಮಾತ್ರ ಹಣ ಕಟ್ಟಬಹುದೇ?

‘ಬೇರೆ ಥೆರಪಿ ನಿಲ್ಲಿಸಿ’ ಎನ್ನುವವರಿಂದ ದೂರವಿರಿ.

ಎಲ್ಲಿಂದ ಆರಂಭಿಸಬೇಕು?

ಮೊದಲು ಮಕ್ಕಳ ಬೆಳವಣಿಗೆ ತಜ್ಞರ ಮೌಲ್ಯಮಾಪನ. ಮುಂಬಯಿಯಲ್ಲಿ 2001ರಲ್ಲಿ ಆರಂಭವಾದ ಉಮ್ಮೀದ್ ಕೇಂದ್ರ ಇದಕ್ಕೆ ಹೆಸರಾಗಿದೆ. ಹಾಜಿ ಅಲಿಯ ಅಖಿಲ ಭಾರತ ಭೌತಿಕ ವೈದ್ಯಶಾಸ್ತ್ರ ಮತ್ತು ಪುನರ್ವಸತಿ ಸಂಸ್ಥೆ, ಮಾತು ಮತ್ತು ಶ್ರವಣಕ್ಕೆ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ ಎರಡೂ ಕೇಂದ್ರ ಸರ್ಕಾರದವು. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಬರುತ್ತದೆ. ಪ್ರಮಾಣಪತ್ರ ಇದ್ದರೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ₹1 ಲಕ್ಷದವರೆಗೆ ರಕ್ಷಣೆ ಸಿಗುತ್ತದೆ.

ಮನೆಯಲ್ಲೇ ಏನು ಮಾಡಬಹುದು?

ನೀವು ಗುನುಗುವಾಗ ಮಗುವಿನ ಕೈಯನ್ನು ನಿಮ್ಮ ಎದೆಯ ಮೇಲೆ ಇಟ್ಟು ನೋಡಿ. ಅದೂ ಕಂಪನವೇ, ಖರ್ಚಿಲ್ಲ. ಮಗು ಕೈ ತೆಗೆದರೆ ಬಿಟ್ಟುಬಿಡಿ. ಶಾಲೆಯಲ್ಲಿ ಇಂಗ್ಲಿಷ್ ಅಥವಾ ಮರಾಠಿ, ಥೆರಪಿಯಲ್ಲಿ ಹಿಂದಿ ಇದೆಯೆಂದು ಮನೆಯ ಕನ್ನಡ, ತುಳು ಹಾಡು ನಿಲ್ಲಿಸಬೇಕಿಲ್ಲ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿಲ್ಲ.

ಕಂಪನವಾಗಲಿ, ಸಂಗೀತವಾಗಲಿ, ಸ್ಪೀಚ್ ಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿಯ ಜೊತೆಗೆ ಇರಲಿ, ಅವುಗಳ ಬದಲಿಗೆ ಬೇಡ. ಮಗುವಿಗೆ ಇಷ್ಟವಾದರೆ ಮುಂದುವರಿಸಲು ಅಷ್ಟೇ ಕಾರಣ ಸಾಕು. ಇಷ್ಟವಾಗದಿದ್ದರೆ ನಿಲ್ಲಿಸಲೂ ಅಷ್ಟೇ ಸಾಕು.